ನಮ್ಮ ಬಾವಿಯ ಮಗ್ಗುಲಲ್ಲಿ ಬಿಜಯಮಾಡಿರುವ ತಿಪ್ಪೆಯವರಿಗೆ

ಗೊರವನಪೇಟೆ, ಕೆಳಗಿನ ಕೇರಿ
ಕಾರ್ತಿಕ ಮಾಸ, 1946ನೆಯ ಇಸವಿ

ಮಾನ್ಯರೇ,

ತಮ್ಮ ಸನ್ನಿಧಾನಕ್ಕೆ, ಕೇರಿಯ ಕರಿಸಿದ್ದಯ್ಯನು ಒಂದು ಕೈಯಿಂದ ಮೂಗು ಮುಚ್ಚಿಕೊಂಡು ಇನ್ನೊಂದು ಕೈಯಿಂದ ಮಾಡುವ ನಮಸ್ಕಾರಗಳು. ಎರಡು ಕೈಯನ್ನೂ ಜೋಡಿಸಲಾಗದ್ದಕ್ಕೆ ಕ್ಷಮೆಯಿರಲಿ.

ಉಭಯ ಕುಶಲೋಪರಿ ಎಂದು ಆರಂಭಿಸುವುದು ಪತ್ರ ಬರೆಯುವವರ ವಾಡಿಕೆ. ಆದರೆ ನಮ್ಮಿಬ್ಬರ ಪೈಕಿ ಒಬ್ಬರೇ ಕುಶಲವಾಗಿರುವುದರಿಂದಲೂ, ಆ ಒಬ್ಬರು ನಾನಲ್ಲದಿರುವುದರಿಂದಲೂ, ಆ ಮಾತನ್ನು ಇಲ್ಲಿಗೇ ಬಿಟ್ಟು ಮುಂದಕ್ಕೆ ಹೋಗಲು ಅಪ್ಪಣೆ ಬೇಡುತ್ತೇನೆ. ತಾವು ಚೆನ್ನಾಗಿದ್ದೀರಿ. ಮಳೆಗಾಲ ಕಳೆದ ಮೇಲೆ ತಮ್ಮ ಮುಖಕ್ಕೆ ಒಂದು ಕಳೆ ಬಂದಿದೆ. ಸೊಂಟದ ಸುತ್ತ ದತ್ತೂರಿ ಗಿಡ ಹೂ ಬಿಟ್ಟಿದೆ. ನೆತ್ತಿಯ ಮೇಲೆ ಹದ್ದು ಬಂದು ಕೂರುತ್ತದೆ. ರೇಷನ್ನಿನ ಈ ಕಾಲದಲ್ಲಿ ನಮ್ಮ ಕೇರಿಯಲ್ಲಿ ಹೊಟ್ಟೆ ತುಂಬ ಉಂಡು ಮೈ ಬೆಳೆಸಿಕೊಂಡವರು ತಾವೊಬ್ಬರೇ ಎಂಬುದನ್ನು ನಾವೆಲ್ಲ ಒಪ್ಪುತ್ತೇವೆ.

ನನ್ನ ಪರಿಚಯ ತಮಗಿರಲಾರದು. ದಿನವೂ ಕಣ್ಣಿಗೆ ಬೀಳುವವರ ಪರಿಚಯ ದೊಡ್ಡವರಿಗೆ ಇರುವುದಿಲ್ಲ. ನಾನು ಮಳವಳ್ಳಿ ಸಂತೆಯ ಬಳಿ ಬೇವಿನ ಮರದ ಕೆಳಗೆ ಚಾಪೆ ಹಾಸಿಕೊಂಡು, ಬರೆಯಲು ಬಾರದವರಿಗೆ ಅರ್ಜಿ ಬರೆದುಕೊಟ್ಟು ಹೊಟ್ಟೆ ಹೊರೆಯುವವನು. ಊರಿನ ದೊಡ್ಡ ಮನೆಯವರೂ ನನ್ನಿಂದ ಬರೆಸುತ್ತಾರೆ. ಆದರೆ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಳ್ಳದೆ, ನೆಲದ ಮೇಲೆ ಇಡಿಸಿ ಅಲ್ಲಿಂದ ಎತ್ತಿಕೊಳ್ಳುತ್ತಾರೆ. ನೆಲಕ್ಕೆ ಕಾಗದವನ್ನು ಶುದ್ಧ ಮಾಡುವ ಗುಣವಿದೆಯೆಂದು ತೋರುತ್ತದೆ. ಇರಲಿ, ನನ್ನ ಬರಹದಿಂದ ಎಷ್ಟೋ ಜನರ ಕಂದಾಯ ಮಾಫಿಯಾಯಿತು, ದೊಡ್ಡಿಯಲ್ಲಿ ಸಿಕ್ಕಿಬಿದ್ದ ಎಮ್ಮೆ ಬಿಡುಗಡೆಯಾಯಿತು, ಗಂಡ ಬಿಟ್ಟವಳಿಗೆ ಗಂಡ ಸಿಕ್ಕಿದ. ತಾವು ಮಾತ್ರ ಗೇಣುದ್ದವೂ ಕದಲಲಿಲ್ಲ.

ತಮ್ಮ ವಿಷಯವಾಗಿ ಪಂಚಾಯಿತಿಗೂ, ಅದರ ಮೇಲಿನ ಕಚೇರಿಗೂ, ಆ ಕಚೇರಿಯ ಮೇಲಿರುವ ಕಚೇರಿಗೂ ನಾನು ಬರೆದ ಅರ್ಜಿಗಳಲ್ಲಿ ಎಲ್ಲಿಯೂ ವಿನಯಕ್ಕೆ ಕೊರತೆ ಇರಲಿಲ್ಲ. 'ಮಹಾಸ್ವಾಮಿಗಳ ಪಾದಾರವಿಂದಗಳಲ್ಲಿ' ಎಂಬುದನ್ನು ಮೊದಲೊಂದು ಸಲ, ನಡುವೆ ಒಂದು ಸಲ, ಕೊನೆಗೊಂದು ಸಲ ಬರೆದಿದ್ದೆ. ಮೊನ್ನೆ ಬೆಳಿಗ್ಗೆ ತಮ್ಮ ಕಡೆಯಿಂದ ಹಾದುಹೋಗುವಾಗ, ಆ ಅರ್ಜಿಗಳ ಪೈಕಿ ಪಂಚಾಯಿತಿಗೆ ಕೊಟ್ಟಿದ್ದವು ಅಲ್ಲಿನ ಕಸದ ಬುಟ್ಟಿಯ ಮೂಲಕ ತಮ್ಮ ಸನ್ನಿಧಿಗೇ ಬಂದು ಸೇರಿರುವುದನ್ನು ಕಣ್ಣಾರೆ ಕಂಡೆ. ಒಂದರ ಮೇಲೆ ಹಂದಿಮರಿ ಮಲಗಿತ್ತು. ಹೇಗೂ ಕೊನೆಗೆ ತಮ್ಮ ಹತ್ತಿರವೇ ಬರುವ ಕಾಗದವನ್ನು ಮೊದಲೇ ತಮ್ಮ ಹೆಸರಿಗೆ ಬರೆದರೆ ನಡುವೆ ಅಷ್ಟೊಂದು ಅಧಿಕಾರಿಗಳಿಗೆ ಶ್ರಮ ತಪ್ಪುತ್ತದೆಯೆಂದು ತೋರಿದ್ದರಿಂದ ಇದನ್ನು ನೇರವಾಗಿ ತಮಗೇ ಬರೆದಿದ್ದೇನೆ. ಇದರ ಒಂದು ಪ್ರತಿಯನ್ನು ಬಸ್ಸು ನಿಲ್ಲುವ ಹುಣಸೆ ಮರಕ್ಕೆ ಅಂಟಿಸಿದ್ದೇನೆ. ಓದು ಬಂದವರು ಓದಿಕೊಳ್ಳಲಿ, ಬಾರದವರಿಗೆ ಓದಿ ಹೇಳಲಿ.

ಬಸ್ಸೆಂದ ಮೇಲೆ ತಮ್ಮ ಕೀರ್ತಿಯ ವಿಷಯ ಹೇಳದಿದ್ದರೆ ತಪ್ಪಾಗುತ್ತದೆ. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ಇದ್ದಿಲಿನ ಬಸ್ಸು ಕೆಮ್ಮುತ್ತ ನಮ್ಮ ತಿರುವಿಗೆ ಬಂದಾಗ, ಹಿಂದೆಲ್ಲ 'ಗೊರವನ್‌ಪ್ಯಾಟೆ' ಎಂದು ಕೂಗುತ್ತಿದ್ದ ಕಂಡಕ್ಟರು ಈಗ 'ತಿಪ್ಪೆ ಇಳ್ಯೋರು ಇಳೀರಪ್ಪ' ಎನ್ನುತ್ತಾನೆ, ಜನರೂ ಏನೂ ಅಂದುಕೊಳ್ಳದೆ ಇಳಿಯುತ್ತಾರೆ. ಈ ಊರು ಕಟ್ಟಿದ ಗೊರವಯ್ಯ ಯಾರೋ, ಪಾಪ, ಅವನ ಹೆಸರು ಅಳಿದು ತಮ್ಮ ಹೆಸರು ಉಳಿಯಿತು. ತಿಪ್ಪೆ ಹೋಗಿ ಉಪ್ಪರಿಗೆಯಾಗುತ್ತದೆ, ಉಪ್ಪರಿಗೆ ಹೋಗಿ ತಿಪ್ಪೆಯಾಗುತ್ತದೆ ಎಂದು ಹಿರಿಯರು ಹೇಳುತ್ತಿದ್ದರು. ಊರಿಗೆ ಊರೇ ತಿಪ್ಪೆಯಾಗಬಹುದೆಂದು ಅವರಿಗೂ ಹೊಳೆದಿರಲಿಲ್ಲ.

ಹಾಗೆಂದು ತಮ್ಮನ್ನು ನಮ್ಮ ಹಿತ್ತಲಿನ ಗೊಬ್ಬರದ ತಿಪ್ಪೆಗಳ ಜಾತಿಗೆ ಸೇರಿಸಿ ಅವಮಾನ ಮಾಡುವುದು ನನ್ನ ಉದ್ದೇಶವಲ್ಲ. ಆ ಬಡ ತಿಪ್ಪೆಗಳು ಸಗಣಿ ಬೂದಿಗಳನ್ನು ತಿಂದುಕೊಂಡಿದ್ದು, ಬೇಸಗೆಯಲ್ಲಿ ಗಾಡಿಯೇರಿ ಹೊಲಕ್ಕೆ ಹೋಗಿ, ರಾಗಿಯಾಗಿ ಮನೆಗೆ ಹಿಂದಿರುಗುತ್ತವೆ. ದೀಪಾವಳಿಯಲ್ಲಿ ಹೆಂಗಸರು ಅವಕ್ಕೆ ಚೆಂಡುಹೂ ಸಿಕ್ಕಿಸಿ ದೀಪವಿಡುತ್ತಾರೆ. ತಾವು ಬರುವುದನ್ನು ಮಾತ್ರ ಬಲ್ಲಿರಿ, ಹೋಗುವುದನ್ನು ಕಲಿತಿಲ್ಲ. ಹೋಟೆಲಿನವರ ಎಂಜಲೆಲೆ, ರೇಷ್ಮೆ ನೂಲು ಬಿಚ್ಚುವ ಮನೆಗಳಿಂದ ಬರುವ ಸತ್ತ ಹುಳ, ಕ್ಷೌರದವರ ಕೂದಲು, ಒಡೆದ ಲಾಂದ್ರದ ಗಾಜು, ಔಷಧದ ಶೀಸೆ, ಸತ್ತ ನಾಯಿ, ಊರಿನ ಹಿತ್ತಲುಗಳಿಂದ ಬೆಳಗಿನ ಜಾವ ಬಕೆಟ್ಟಿನಲ್ಲಿ ಹೊರಡುವ ಇನ್ನೊಂದು ಪದಾರ್ಥ, ಇವೆಲ್ಲವನ್ನೂ ತಾವು ಎಣೆಯಿಲ್ಲದ ಔದಾರ್ಯದಿಂದ ಸ್ವೀಕರಿಸುತ್ತೀರಿ. ಯಾರು ತಂದರೂ ಬೇಡವೆಂದು ಹೇಳಿದವರಲ್ಲ. ಈ ಗುಣ ನಮ್ಮ ಯಾವ ಕಚೇರಿಯಲ್ಲಿಯೂ ಇಲ್ಲ.

ತಾವು ಇಲ್ಲಿಗೆ ಬಂದದ್ದು ಯುದ್ಧ ಶುರುವಾದ ವರ್ಷ. ಮೊದಲು ಊರಿನ ಕಸ ಪಂಚಾಯಿತಿ ಚೇರ್ಮನ್ನರ ಮಾವಿನ ತೋಪಿನ ಆಚೆಯ ಹಳ್ಳಕ್ಕೆ ಬೀಳುತ್ತಿತ್ತು. ವಾಸನೆಗೆ ಮಾವಿನ ಹೂ ಉದುರುತ್ತದೆಯೆಂದು ಯಾರೋ ತಿಳಿದವರು ಹೇಳಿದ್ದರಿಂದ, ಹೂವಿಲ್ಲದ ಜಾಗವೊಂದನ್ನು ಹುಡುಕಿ, ನಮ್ಮ ಕೇರಿಯ ಬಾವಿಯ ಮೇಲ್ಭಾಗದ ಇಳಿಜಾರನ್ನು ಆರಿಸಿದರು. ಕಸದ ಗಾಡಿ ಹೊಡೆಯುವವನು ನಮ್ಮ ಕೇರಿಯ ಚಿಕ್ಕಮಾದುವೇ. ಗಾಡಿ ಅವನದಲ್ಲ, ಎತ್ತು ಅವನದಲ್ಲ, ಬಾವಿ ಮಾತ್ರ ಅವನದು. 'ನಿನ್ನ ಬಾವಿಗೆ ನೀನೇ ಸುರೀತೀಯಲ್ಲೋ' ಎಂದು ನಾನು ಒಂದು ದಿನ ಗದರಿಸಿದ್ದಕ್ಕೆ, ಎತ್ತಿನ ಕೊರಳು ಸವರುತ್ತ, 'ನಾನೇನ್ಲಾ ಮಾಡ್ಲಿ ಕರಿಸಿದ್ದ, ಸುರಿ ಅಂತಾರೆ, ಸುರೀತೀನಿ. ನಮ್ಮನೆ ಐಕ್ಳೂ ಇದೇ ನೀರ್ನೇ ಕುಡಿಯಾದು' ಎಂದ. ಅವನನ್ನು ಗದರಿಸಿದ್ದಕ್ಕೆ ನನಗೆ ನಾಚಿಕೆಯಾಯಿತು.

ಊರಿನಲ್ಲಿ ಬೇರೆ ಬಾವಿಗಳಿಲ್ಲವೇ ಎಂದು ತಾವು ಕೇಳಬಹುದು. ಇವೆ. ಆಂಜನೇಯನ ಗುಡಿಯ ಮುಂದೆ ಒಂದು, ಪೇಟೆಬೀದಿಯಲ್ಲಿ ಒಂದು, ಚೇರ್ಮನ್ನರ ಮನೆಯ ಎದುರಿಗೆ ಕಲ್ಲಿನ ಕಟ್ಟೆ ಕಟ್ಟಿ ರಾಟೆ ಹಾಕಿದ ಸಿಹಿನೀರಿನ ಬಾವಿ ಒಂದು. ಅವು ನಮಗೆ ಸಂಬಂಧಿಸಿದವಲ್ಲ. ನಮ್ಮ ಕೊಡ ಅವುಗಳಿಗೆ ಇಳಿದರೆ ನೀರು ಕೆಡುತ್ತದೆಯೆಂಬುದು ಹಿಂದಿನಿಂದ ಬಂದ ತಿಳಿವಳಿಕೆ. ನಮ್ಮ ಹೆಂಗಸರು ಬೆಳಗಿ ತೊಳೆದ ಕೊಡ ಮುಟ್ಟಿದರೆ ಕೆಡುವ ನೀರು, ತಾವು ಮಳೆಯಲ್ಲಿ ಕರಗಿ ಬಂದು ನಮ್ಮ ಬಾವಿಗೆ ಬೆರೆತರೆ ಏಕೆ ಕೆಡುವುದಿಲ್ಲವೆಂಬುದು ನನ್ನ ಅಲ್ಪಮತಿಗೆ ಇದುವರೆಗೂ ಹೊಳೆದಿಲ್ಲ. ತಾವು ದೊಡ್ಡವರ ಮನೆಗಳಿಂದ ಬಂದವರು, ತಮ್ಮ ಸ್ಪರ್ಶಕ್ಕೆ ದೋಷವಿರಲಾರದು ಎಂದು ಸಮಾಧಾನ ಮಾಡಿಕೊಂಡಿದ್ದೇನೆ.

ತಮ್ಮ ಪರಿವಾರದ ನೊಣಗಳ ವಿಷಯದಲ್ಲಿ ಒಂದು ಸಣ್ಣ ದೂರಿದೆ. ಅವು ಕಷ್ಟಪಟ್ಟು ದುಡಿಯುತ್ತವೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅವಕ್ಕೆ ಊರು ಕೇರಿ ಎಂಬ ಭೇದ ಸ್ವಲ್ಪವೂ ತಿಳಿಯದು. ನಮ್ಮ ಮನೆಯ ಮುದ್ದೆಯ ಮೇಲೆ ಕೂತು, ಕೈಕಾಲು ಸಹ ತೊಳೆಯದೆ, ನೇರವಾಗಿ ಚೇರ್ಮನ್ನರ ಅಡುಗೆಮನೆಗೆ ಹೋಗಿ ಅವರ ಒಬ್ಬಟ್ಟಿನ ಮೇಲೆ ಕೂರುತ್ತವೆ. ಹೀಗೆ ನಾವು ಮತ್ತು ಅವರು ತಿಳಿಯದೆಯೇ ಒಂದೇ ಪಂಕ್ತಿಯಲ್ಲಿ ಉಂಡಂತಾಗುತ್ತದೆ. ತಾವು ಅವನ್ನು ಕರೆಸಿ, ನಮ್ಮ ಮನೆಯಿಂದ ಹೊರಟವು ಸ್ನಾನ ಮಾಡಿ, ಒದ್ದೆ ರೆಕ್ಕೆಯಲ್ಲಿಯೇ ಊರೊಳಗೆ ಹೋಗತಕ್ಕದ್ದೆಂದು ಕಟ್ಟಪ್ಪಣೆ ಮಾಡಬೇಕು. ಬೇಸಗೆಯಲ್ಲಿ ತಮ್ಮ ಹೊಟ್ಟೆಗೆ ಬೆಂಕಿ ಬಿದ್ದಾಗ ಏಳುವ ಹೊಗೆಯಾದರೋ ಮರ್ಯಾದಸ್ಥ. ಗಾಳಿ ಹೇಗೇ ಬೀಸಲಿ, ಕೇರಿಯನ್ನು ಬಿಟ್ಟು ಹೋಗುವುದಿಲ್ಲ. ನಮ್ಮ ಮಕ್ಕಳು ಕೆಮ್ಮುವುದನ್ನು ಕೇಳಿದರೆ ಇದ್ದಿಲಿನ ಬಸ್ಸು ಬಂತೆಂದು ದಾರಿಹೋಕರು ಗಂಟುಮೂಟೆ ಎತ್ತಿಕೊಳ್ಳುತ್ತಾರೆ.

ಇನ್ನು ಈ ವರ್ಷದ ಸಂಗತಿಗೆ ಬರುತ್ತೇನೆ. ಕಳೆದ ಬೇಸಗೆಯಲ್ಲಿ, ಅರ್ಜಿಗಳಿಂದ ಏನೂ ಆಗುವುದಿಲ್ಲವೆಂದು ಕೇರಿಯ ಯಜಮಾನ ಕರಿಯಯ್ಯ ನನ್ನ ಮುಖಕ್ಕೇ ಹೇಳಿದ. 'ನಿನ್ ಕಾಗ್ಜುಕ್ಕೆ ಎದ್ರಾಕಿಲ್ಲ ಕಣ್ಲಾ ಅವ್ರು. ಮನ್ಸರ್ಗೂ ಎದ್ರಾಕಿಲ್ಲ. ಮಾರಿಗೆ ಎದರ್ತಾರೆ. ಒಂದ್ ಕಲ್ ನೆಟ್ಬುಡಿ' ಎಂಬುದು ಅವನ ತೀರ್ಮಾನ. ದೇವರಿರುವ ಕಡೆ ಕಸ ಹಾಕುವ ಧೈರ್ಯ ನಮ್ಮ ಸೀಮೆಯಲ್ಲಿ ಯಾರಿಗೂ ಇಲ್ಲವೆಂಬುದು ಅವನ ನಂಬಿಕೆ. ನನಗೂ ಸರಿಯೆನಿಸಿತು. ಮಾರನೆಯ ಬೆಳಿಗ್ಗೆ ನೋಡಿದರೆ ತಮ್ಮ ಪಾದದಲ್ಲಿ, ಬಾವಿಯ ಕಡೆಗೆ ಮುಖ ಮಾಡಿ, ಅಗಲವಾದ ನುಣುಪು ಕರಿಕಲ್ಲೊಂದು ಅರಿಶಿನ ಕುಂಕುಮ ಬಳಿದುಕೊಂಡು, ಬೇವಿನ ಸೊಪ್ಪು ಮುಡಿದು ಎದ್ದು ನಿಂತಿತ್ತು. ಎಲ್ಲಿಂದ ಬಂತೆಂದು ನಾನು ಹೇಳಲಾರೆ. ಮಾರಮ್ಮನ ಕಲ್ಲುಗಳು ತಾವಾಗಿಯೇ ಏಳುತ್ತವೆಂಬುದು ಪ್ರಸಿದ್ಧವಾಗಿದೆ. ನನ್ನ ಹೆಂಡತಿ ಚಿಕ್ಕನಂಜಮ್ಮ ಆ ದಿನದಿಂದ ಬಟ್ಟೆ ಒಗೆಯಲು ಕೆರೆಯವರೆಗೂ ಹೋಗಿಬರುತ್ತಿದ್ದಾಳೆ. ಅದಕ್ಕೂ ಇದಕ್ಕೂ ಸಂಬಂಧ ಕಲ್ಪಿಸುವುದು ಬೇಡ.

ಚಿಕ್ಕಮಾದು ಖಾಲಿಯಾಗದ ಗಾಡಿಯನ್ನು ಹಿಂದಕ್ಕೆ ಹೊಡೆದುಕೊಂಡು ಹೋಗಿ, ಚೇರ್ಮನ್ನರ ಜಗಲಿಯಿಂದ ದೂರದಲ್ಲಿ ನಿಂತು, 'ಬುದ್ಧಿ, ಅಲ್ಲಿ ಅಮ್ಮ ಎದ್ದವ್ಳೆ. ಎತ್ಗೊಳು ಮುಂದುಕ್ಕೆ ಎಜ್ಜೆ ಇಕ್ತಾ ಇಲ್ಲ' ಎಂದು ಕೈಮುಗಿದ. ಒಂದು ವಾರ ಗಾಡಿ ನಮ್ಮ ಕಡೆಗೆ ಬರಲಿಲ್ಲ. ಆ ವಾರದಲ್ಲಿ ನಮ್ಮ ಹೆಂಗಸರು ಬಾವಿಕಟ್ಟೆಯನ್ನು ಸಾರಿಸಿ ರಂಗೋಲಿ ಹಾಕಿದ್ದನ್ನು ತಾವೂ ನೋಡಿರಬೇಕು. ಕರಿಯಯ್ಯ ಮೀಸೆ ತಿರುವಿಕೊಂಡು ಓಡಾಡಿದ. ನನ್ನನ್ನು ಕಂಡಾಗಲೆಲ್ಲ 'ಎಂಗೆ ಅರ್ಜಿ?' ಎನ್ನುತ್ತಿದ್ದ.

ಆದರೆ ಕಸ ಎಲ್ಲಿಯೋ ಒಂದು ಕಡೆ ಬೀಳಲೇಬೇಕಷ್ಟೆ. ಅದು ಮತ್ತೆ ಮಾವಿನ ತೋಪಿನ ಆಚೆ ಬೀಳತೊಡಗಿದಾಗ ಚೇರ್ಮನ್ನರಿಗೆ ಭಕ್ತಿ ಹುಟ್ಟಿತು. ಒಂದು ಮಂಗಳವಾರ ಅವರು ಸಂಸಾರ ಸಮೇತರಾಗಿ, ಮೆಟ್ಟು ಕಳಚಿ, ತೆಂಗಿನಕಾಯಿ ಹಿಡಿದು, ತಮ್ಮ ಮೇಲೆಯೇ ಬರಿಗಾಲಿನಲ್ಲಿ ಹಾದು ಆ ಕಲ್ಲಿನ ಹತ್ತಿರ ಬಂದರು. ಕಾಯಿ ಒಡೆದರು. ಕಲ್ಲಿಗೆ ಹಣೆ ಹಚ್ಚಿ ಬಹಳ ಹೊತ್ತು ಹಾಗೆಯೇ ಇದ್ದರು. ಆಮೇಲೆ ಕಲ್ಲಿನ ತಲೆಯ ಮೇಲೆ ಎರಡು ಹೂವಿಟ್ಟು, 'ತಾಯೀ, ನಿನ್ನ ಪಾದದಲ್ಲಿ ಕಸ ಹಾಕ್ಕೊಳಾಕೆ ಒಪ್ಗೆ ಇದ್ರೆ ಬಲ್ಗಡೆ ಹೂ ಕೊಡು' ಎಂದು ಕೇಳಿಕೊಂಡರು. ಎಡಗಡೆಯಿಂದ ಗಾಳಿ ಬೀಸುತ್ತಿತ್ತು. ಬಲಗಡೆಯ ಹೂ ಬಿತ್ತು. ದೇವಿಯೇ ಒಪ್ಪಿದ ಮೇಲೆ ನಾವು ಆಕ್ಷೇಪಿಸುವುದು ಅಧಿಕಪ್ರಸಂಗವಾಗುತ್ತದೆ; ಗಾಡಿ ಅಂದೇ ಸಂಜೆ ಬಂತು. ನಾನು ಮತ್ತೊಂದು ಅರ್ಜಿ ಬರೆದೆ. ಇದಕ್ಕೆ ಮೊಟ್ಟಮೊದಲ ಬಾರಿಗೆ ಉತ್ತರವೂ ಬಂತು: 'ಸದರಿ ಸ್ಥಳದಲ್ಲಿ ಮಾರಮ್ಮನವರ ಸನ್ನಿಧಿ ಇರುವುದಾಗಿ ಪಂಚಾಯಿತಿಯವರು ವರದಿ ಮಾಡಿರುವುದರಿಂದ, ದೈವಸಂಬಂಧವಾದ ಸದರಿ ತಿಪ್ಪೆಯನ್ನು ಕದಲಿಸಲು ಅವಕಾಶವಿರುವುದಿಲ್ಲ.' ಹೀಗೆ ತಮ್ಮನ್ನು ಓಡಿಸಲು ನಾವು ನೆಟ್ಟ ಕಲ್ಲು ತಮಗೆ ಕಾಯಂ ಪಟ್ಟ ಕಟ್ಟಿತು. ಕರಿಯಯ್ಯ ಮೀಸೆಯ ತಂಟೆಗೆ ಹೋಗುವುದನ್ನು ಬಿಟ್ಟ.

ಆಷಾಢದಲ್ಲಿ ಊರಿನೊಳಗೆ ವಾಂತಿಭೇದಿ ಬಂತು. ನಮ್ಮ ಕಡೆ ಮಾರಿಯನ್ನು ಕಳಿಸುವ ಪದ್ಧತಿ ತಮಗೆ ಗೊತ್ತಿದೆ: ಮನೆಮನೆಯವರು ಹಳೆಯ ಮೊರ, ಸವೆದ ಪೊರಕೆ, ಒಡಕು ಮಡಕೆ, ಕಾಯಿಲೆಯವರು ಮಲಗಿದ್ದ ಚಾಪೆ ಎಲ್ಲವನ್ನೂ ತಮಟೆ ಬಡಿಸಿಕೊಂಡು ಊರಿನ ಗಡಿಗೆ ಹೊತ್ತು, ಆಚೆಗೆ ಎಸೆದು, ತಿರುಗಿ ನೋಡದೆ ಬರುವುದು. ಆಚೆಯ ಊರಿನವರು ಅದನ್ನು ಮುಂದಿನ ಊರಿನ ಗಡಿಗೆ ಸಾಗಿಸುವುದು. ಹೀಗೆ ಮಾರಮ್ಮ ಊರಿಂದೂರಿಗೆ ಕಾಲ್ನಡಿಗೆಯಲ್ಲಿಯೇ ಹೋಗಿಬಿಡುತ್ತಿದ್ದಳು. ಈ ಸಲ ಅಷ್ಟು ದೂರ ಏಕೆ ಹೋಗಬೇಕು, ಅಮ್ಮನೇ ಇಲ್ಲಿ ಕೂತಿದ್ದಾಳಲ್ಲ ಎಂದು ಊರಿಗೆ ಊರೇ ತಮಟೆ ಸಮೇತ ತಮ್ಮ ಹತ್ತಿರ ಬಂತು. ತಮಟೆ ಬಡಿದವರೂ ನಮ್ಮ ಕೇರಿಯವರೇ. ಮೊರ, ಪೊರಕೆ, ಚಾಪೆ, ಕೌದಿ, ಎಲ್ಲವೂ ಆ ಕಲ್ಲಿನ ಸುತ್ತ ಬಿದ್ದವು. ಊರಿನವರು ತಿರುಗಿ ನೋಡದೆ ಹೋದರು. ಅದೇ ಸಂಜೆ ಮಳೆ ಹಿಡಿಯಿತು, ಬೆಳಗಾದರೂ ಬಿಡಲಿಲ್ಲ. ತಾವು ಕರಗಿದಿರಿ, ಹರಿದಿರಿ, ನಮ್ಮ ಬಾವಿಗೆ ಬಂದಿರಿ.

ಮೊದಲು ಹೋದವಳು ಬೀರಮ್ಮ. ಅವಳು ಕೇರಿಯ ಸೂಲಗಿತ್ತಿ, ನನಗೆ ಸೋದರತ್ತೆಯಾಗಬೇಕು. ನಾನು ಹುಟ್ಟಿದ್ದು ಅವಳ ಕೈಯಲ್ಲಿ, ನನ್ನ ಮಗಳು ಮರಿತಾಯಮ್ಮ ಹುಟ್ಟಿದ್ದು ಅವಳ ಕೈಯಲ್ಲಿ. ಹೆರಿಗೆ ಕಷ್ಟವಾದಾಗ ಊರಿನ ದೊಡ್ಡ ಮನೆಗಳಿಗೂ ಅವಳನ್ನು ಕರೆಸಿಕೊಳ್ಳುತ್ತಿದ್ದರು. ಚೇರ್ಮನ್ನರ ಎರಡನೆಯ ಮಗನನ್ನು ಈ ಲೋಕದಲ್ಲಿ ಮೊದಲು ಮುಟ್ಟಿದ್ದು ಬೀರಮ್ಮನೇ. ಹುಟ್ಟುವಾಗ ಮುಟ್ಟಬಹುದೆಂದು ಶಾಸ್ತ್ರವಿದ್ದಿರಬೇಕು. ಅವಳು ಬೆಳಿಗ್ಗೆ ನೀರು ಸೇದಿ ಕುಡಿದಳು, ಮಾರನೆಯ ಸಂಜೆಗೆ ಬಾಯಿಗೆ ನೀರು ಬಿಡಲು ನಾವು ನಿಂತಿದ್ದೆವು, ಅದೇ ಬಾವಿಯ ನೀರು. 'ಬುಡ್ರಪ್ಪ, ಸಾಕು, ಮರಿತಾಯಿ ಬಾಣಂತನುಕ್ಕೆ ಇರ್ಬೇಕು ಅನ್ಕಂಡಿದ್ದೆ' ಎಂದಳು. ಅವಳ ಹಿಂದೆ ಕೇರಿಯಿಂದ ಇನ್ನೂ ಕೆಲವರು ಹೋದರು, ಅವರಲ್ಲಿ ಚಿಕ್ಕಮಾದುವಿನ ಕಿರಿಯ ಮಗಳೂ ಒಬ್ಬಳು. ಮಾನ್ಯರೇ, ಇಲ್ಲಿಯವರೆಗೆ ವಿನಯದಿಂದ ಬರೆದುಕೊಂಡು ಬಂದಿದ್ದೇನೆ. ಈ ಜಾಗದಲ್ಲಿ ವಿನಯ ಬರಲೊಲ್ಲದು. ಬೀರಮ್ಮನನ್ನು ಮಣ್ಣು ಮಾಡಿ ಬಂದು ನಾನು ಅತ್ತೆ. ತಮ್ಮ ಮೇಲೆ ಸಿಟ್ಟು ಬಂತು. ತಮಗಿಂತ ಎತ್ತರದಲ್ಲಿರುವವರ ಮೇಲೆ ಇನ್ನೂ ಹೆಚ್ಚು ಬಂತು.

ಆಮೇಲೆ ಹೆಲ್ತ್ ಇನ್ಸ್‌ಪೆಕ್ಟರು ಸೈಕಲ್ಲಿನಲ್ಲಿ ಬಂದು, ಎಲ್ಲರಿಗೂ ಸೂಜಿ ಚುಚ್ಚಿ, ಬಾವಿಗೆ ಕೆಂಪು ಔಷಧ ಸುರಿದು, 'ತಿಪ್ಪೆ ಇಲ್ಲಿಂದ ಹೋಗೋವರೆಗೆ ಈ ನೀರು ಕುಡಿಯಬೇಡಿ, ಬೇರೆ ಬಾವಿ ನೀರು ಕುಡೀರಿ' ಎಂದು ಹೇಳಿ ಹಲಗೆ ನೆಟ್ಟು ಹೋದರು. ಒಳ್ಳೆಯ ಮನುಷ್ಯ, ಬೇರೆ ಸೀಮೆಯಿಂದ ಬಂದವರಿರಬೇಕು. ಆ ಮಾತನ್ನೇ ನಾನು ಚೇರ್ಮನ್ನರಿಗೆ ಅಂಗಳದಲ್ಲಿ ನಿಂತು ಅರಿಕೆ ಮಾಡಿದಾಗ, 'ನಿಮ್ಮ ಕೊಡ ಇಳುದ್ರೆ ಬಾವಿ ಮೈಲಿಗೆಯಾಯ್ತದೆ ಕಣಯ್ಯ, ಅದೊಂದ್ ಬುಟ್ಟು ಬ್ಯಾರೆ ಏನಾರ ಕೇಳು' ಎಂದರು. ಬಾಯಾರಿದವನು ನೀರು ಬಿಟ್ಟ ಮೇಲೆ ಬೇರೆ ಏನು ಕೇಳಬಹುದೆಂದು ಯೋಚಿಸುತ್ತ ಮನೆಗೆ ಬಂದೆ. ಈಗ ನಮ್ಮ ಹೆಂಗಸರು ರಾಟೆಬಾವಿಯಿಂದ ದೂರದಲ್ಲಿ ಕೊಡವಿಟ್ಟುಕೊಂಡು, ಯಾರಾದರೂ ಪುಣ್ಯವಂತರು ಬಂದು ಎತ್ತರದಿಂದ ಸುರಿಯುವವರೆಗೂ ಬಿಸಿಲಿನಲ್ಲಿ ಕೂತಿರುತ್ತಾರೆ. ಸುರಿದ ದಿನ ಆ ನೀರು. ಸುರಿಯದ ದಿನ ಹಲಗೆಗೆ ಬೆನ್ನು ತಿರುಗಿಸಿಕೊಂಡು ತಮ್ಮ ನೀರು. ಕೆರೆಯೂ ಉಂಟು, ಆದರೆ ಅಲ್ಲಿ ಎಮ್ಮೆಗಳು ನಮಗಿಂತ ಮೊದಲೇ ಇಳಿದಿರುತ್ತವೆ.

ನಾನು ಇಂದು ಪತ್ರ ಬರೆಯಲು ಕಾರಣವಾದ ಸಂಗತಿಯನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ನನಗೆ ಇರುವವಳು ಒಬ್ಬಳೇ ಮಗಳು, ಮರಿತಾಯಮ್ಮ. ಅವಳ ಗಂಡ, ನೀರಿನಿಂದ ಕರೆಂಟು ತೆಗೆಯುವ ಬ್ಲಫ್‌ನಲ್ಲಿ ಕೂಲಿ ಕೆಲಸಕ್ಕಿದ್ದಾನೆ. ಅಲ್ಲಿ ಕೊಳಾಯಿ ತಿರುಗಿಸಿದರೆ ನೀರು, ಗುಂಡಿ ಒತ್ತಿದರೆ ಬೆಳಕು. ಆ ಬೆಳಕು ಹೋಗುವ ತಂತಿ ನಮ್ಮ ಕೇರಿಯ ತಲೆಯ ಮೇಲೆಯೇ ಹಾದು ಎಲ್ಲಿಗೋ ಹೋಗುತ್ತದೆ. ನಮ್ಮ ಪಾಲಿಗೆ ಅದರ ಮೇಲೆ ಕಾಗೆ ಕೂರುವುದಷ್ಟೇ. ಅವಳಿಗೆ ದಿನ ತುಂಬಿದೆ. 'ಮಾವ, ನಿಮ್ಮೂರ್ ನೀರ್ ಸರಿಯಿಲ್ಲ ಅಂತವ್ರೆ, ನಾನ್ ಅವ್ಳ ಕಳ್ಸಾಕಿಲ್ಲ' ಎಂದು ಅಳಿಯ ಹೇಳಿ ಕಳುಹಿಸಿದ. ಅವನ ಮಾತಿನಲ್ಲಿ ತಪ್ಪಿಲ್ಲ. ಚಿಕ್ಕನಂಜಮ್ಮ ಮಾತ್ರ, 'ಮೊದ್ಲ ಬಾಣಂತನ ತವರಲ್ಲಾಗ್ದೆ ಇನ್ನೆಲ್ಲಾದದು? ಜನ ನನ್ ಮಕಕ್ಕೆ ಉಗಿಯಾಕಿಲ್ವಾ?' ಎಂದು ಮೂಲೆ ಹಿಡಿದಳು. ಅವರಿಬ್ಬರ ನಡುವೆ ನಾನು ಏನೂ ತೀರ್ಮಾನ ಮಾಡುವ ಮೊದಲೇ, ನಿನ್ನೆ ಬಸ್ಸಿನಿಂದ, 'ತಿಪ್ಪೆ ಇಳ್ಯೋರು' ಎಂದಾಗ, ಮರಿತಾಯಮ್ಮ ಗಂಟು ಹಿಡಿದುಕೊಂಡು ಒಬ್ಬಳೇ ಇಳಿದಳು. ಯಾಕವ್ವ ಬಂದೆ ಎಂದರೆ, 'ಅಲ್ಲಿ ನೀರೂ ಇತ್ತು ಕಣಪ್ಪ, ಬೆಳಕೂ ಇತ್ತು. ಅವ್ವ ಇರ್ನಿಲ್ಲ' ಎಂದಳು.

ಈಗ ನನ್ನ ಮನೆಯಲ್ಲಿ ತುಂಬಿದ ಬಸುರಿ ಇದ್ದಾಳೆ, ಸೂಲಗಿತ್ತಿ ಇಲ್ಲ, ನೀರಿಲ್ಲ. ಸೂಲಗಿತ್ತಿಯನ್ನು ಮಳವಳ್ಳಿಯಿಂದ ಹೇಗೋ ಕರೆತರುತ್ತೇನೆ. ಬಾಣಂತಿಗೂ ಕೂಸಿಗೂ ಹಂಡೆ ಹಂಡೆ ನೀರು ಬೇಕು; ಆ ನೀರಿಗಾಗಿ ತಮ್ಮಲ್ಲಿ ಕೆಲವು ವಿಜ್ಞಾಪನೆಗಳಿವೆ.

ತಾವು ಕಾಲಿಲ್ಲದೆಯೇ ಇಷ್ಟು ವರ್ಷದಲ್ಲಿ ನಮ್ಮ ಬಾವಿಯವರೆಗೆ ನಡೆದು ಬಂದವರು. ಅದೇ ನಡಿಗೆಯಲ್ಲಿ, ದಯವಿಟ್ಟು ಸ್ವಲ್ಪ ಬೇಗ, ತಮ್ಮ ಹುಟ್ಟೂರಾದ ಮಾವಿನ ತೋಪಿಗೆ ಹಿಂದಿರುಗಬೇಕು. ದಾರಿಯಲ್ಲಿ ಚೇರ್ಮನ್ನರ ಜಗಲಿಯ ಮೇಲೆ ಕೊಂಚ ವಿಶ್ರಮಿಸಿದರೂ ನಮ್ಮ ಆಕ್ಷೇಪಣೆಯಿಲ್ಲ. ತಮ್ಮ ಮೈಯಲ್ಲಿರುವುದೆಲ್ಲ ಅವರವರದೇ ಆದ್ದರಿಂದ ಗುರುತು ಹಿಡಿದು ಮಾತಾಡಿಸಿಯಾರು. ಅದು ಆಗದಿದ್ದರೆ, ಬರುವ ಪಂಚಾಯಿತಿ ಚುನಾವಣೆಗೆ ತಾವೇ ನಿಲ್ಲಬೇಕು. ಇರುವವರಿಗಿಂತ ತಾವು ಹೆಚ್ಚು ಜನರ ಮನೆಯ ಒಳಗನ್ನು ಬಲ್ಲಿರಿ. ಎಲ್ಲರಿಂದಲೂ ತೆಗೆದುಕೊಳ್ಳುತ್ತೀರಿ, ಆದರೆ ಅದನ್ನು ಬಚ್ಚಿಡುವುದಿಲ್ಲ, ಬಯಲಿನಲ್ಲಿಯೇ ಇಟ್ಟಿರುತ್ತೀರಿ. ತಿಪ್ಪೆ ಸಾರಿಸುವ ಕೆಲಸವನ್ನು ಇಷ್ಟು ವರ್ಷ ಬೇರೆಯವರು ಮಾಡಿದ್ದಾರೆ, ಸ್ವತಃ ತಿಪ್ಪೆಯೇ ಕುರ್ಚಿಯಲ್ಲಿ ಕೂತರೆ ಆ ಖರ್ಚು ಉಳಿಯುತ್ತದೆ. ಇದೂ ಆಗದಿದ್ದರೆ, ಮುಂದಿನ ಮಳೆಗೆ ಕರಗುವಾಗ, ಒಂದೇ ಒಂದು ಸಲ, ಇಳಿಜಾರನ್ನು ಬಿಟ್ಟು ಏರಿನ ಕಡೆಗೆ ಹರಿದು ನೋಡಬೇಕು. ಮೇಲಿನವರಿಗೂ ತಮ್ಮ ರುಚಿ ತಿಳಿಯಲಿ ಎಂದು ನಾನು ಬಯಸುತ್ತೇನೆಂದು ತಿಳಿಯಬೇಡಿ. ಅಲ್ಲಿಯೂ ಬಸುರಿಯರಿದ್ದಾರೆ, ಅಲ್ಲಿಯೂ ಕೂಸುಗಳಿವೆ, ಅವಕ್ಕೆ ಹೀಗಾಗುವುದು ಬೇಡ. ಹರಿಯದಿದ್ದರೂ ಪರವಾಗಿಲ್ಲ, ಹರಿಯುತ್ತೇನೆಂದು ಹೆದರಿಸಿದರೆ ಸಾಕು.

ಇಂತು, ತಮ್ಮ ನೆರಳಿನಲ್ಲಿಯೇ ಬದುಕಿ, ತಮ್ಮ ನೀರನ್ನೇ ಕುಡಿದು, ಇನ್ನೂ ಅಷ್ಟೋ ಇಷ್ಟೋ ಉಸಿರಾಡುತ್ತಿರುವ

ತಮ್ಮ ವಿಶ್ವಾಸಿ,
ಅರ್ಜಿ ಕರಿಸಿದ್ದಯ್ಯ

ಮರೆತ ಮಾತು: ತಮ್ಮ ಪಾದದಲ್ಲಿರುವ ಆ ಕರಿಕಲ್ಲಿನ ವಿಷಯ. ಅದು ನಮ್ಮ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲು. ಚಿಕ್ಕನಂಜಮ್ಮ ನಮ್ಮ ಮನೆಗೆ ಕಾಲಿಟ್ಟ ದಿನದಿಂದ ಮನೆಯವರ ಮೈಮೇಲಿನದನ್ನೆಲ್ಲ ಅದರ ಮೇಲೆಯೇ ಕುಕ್ಕಿದ್ದಾಳೆ. ಮರಿತಾಯಮ್ಮ ಹುಟ್ಟಿದಾಗಿನ ಬಾಣಂತಿ ಬಟ್ಟೆ ಒಗೆದದ್ದೂ ಅದರ ಮೇಲೆಯೇ. ಅಷ್ಟು ನುಣುಪಾಗಿ ಬಂದದ್ದು ಹಾಗೆ. ಆ ಕಲ್ಲಿಗೆ ಚೇರ್ಮನ್ನರು ಬಹಳ ಹೊತ್ತು ಹಣೆ ಹಚ್ಚಿಕೊಂಡಿದ್ದರು, ಅದರ ಅರಿಶಿನವನ್ನು ಮನೆಗೆ ಒಯ್ದು ಹೆಂಡತಿ ಮಕ್ಕಳಿಗೂ ಇಟ್ಟರು, ದೀಪಾವಳಿಯಲ್ಲಿ ಮತ್ತೊಮ್ಮೆ ಬಂದು ದೀಪವನ್ನೂ ಹಚ್ಚಿ ಹೋದರು. ಇಷ್ಟು ತಿಂಗಳಾದರೂ ಅವರಿಗೆ ಏನೂ ಆಗಿಲ್ಲ, ಅವರ ಬಾವಿಯ ನೀರೂ ಸಿಹಿಯಾಗಿಯೇ ಇದೆ. ಆದ್ದರಿಂದ ನಾಳೆ ಹೊತ್ತು ಮೂಡುವಾಗ ಚಿಕ್ಕನಂಜಮ್ಮ ತನ್ನ ಕೊಡವನ್ನು ಬೆಳಗಿಕೊಂಡು ಹೋಗಿ ರಾಟೆಬಾವಿಗೆ ತಾನೇ ಇಳಿಬಿಡುತ್ತಾಳೆ, ನಾನೂ ಚಿಕ್ಕಮಾದುವೂ ಕರಿಯಯ್ಯನೂ ಜೊತೆಗಿರುತ್ತೇವೆ. ಯಾರಾದರೂ ತಡೆಯಲು ಬಂದರೆ ಅವರಿಗೆ ಈ ಭಾಗವನ್ನು ಓದಿ ಹೇಳುತ್ತೇನೆ. ತಮ್ಮಲ್ಲಿ ಕೊನೆಯ ವಿಜ್ಞಾಪನೆಯೆಂದರೆ, ಕೂಸು ಹುಟ್ಟಿದ ಮೇಲೆ ಬಟ್ಟೆ ಬಹಳ ಬೀಳುತ್ತದೆ. ಪೂಜೆ ಮುಗಿದಿದ್ದರೆ ನಮ್ಮ ಕಲ್ಲನ್ನು ನಮಗೆ ಹಿಂದಿರುಗಿಸಬೇಕು.